ಸೋಮವಾರದ ಪ್ಲೇಟುಗಳು

ಪವಾಯಿಯ ಆ ಪ್ರಯೋಗಶಾಲೆಯ ಹನ್ನೊಂದು ವರ್ಷಗಳ ಇತಿಹಾಸದಲ್ಲಿ ಅತ್ಯಂತ ಗಂಭೀರವೆಂದು ದಾಖಲಾಗಬೇಕಾದ ಘಟನೆ ನಡೆದದ್ದು ಶ್ರಾವಣದ ಮೂರನೆಯ ಸೋಮವಾರ ಕಳೆದ ಮರುದಿನ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ. ನಾಲ್ಕನೆಯ ಮಹಡಿಯ ಫ್ರಿಜ್ಜಿನ ಎರಡನೆಯ ಅಂತಸ್ತಿನಲ್ಲಿ, ಶುದ್ಧೀಕರಿಸಿದ ಹಾರ್ಮೋನುಗಳ ಮಗ್ಗುಲಲ್ಲಿ, ಒಂದು ಸ್ಟೀಲ್ ಡಬ್ಬಿಯೊಳಗೆ ಮೊಸರು ಸಿಕ್ಕಿತು. ಅರ್ಧ ತಿಂದು ಇಟ್ಟದ್ದು.

ಪ್ರಯೋಗಶಾಲೆಯ ಮುಖ್ಯಸ್ಥೆ ಡಾ. ಮೋಹಿನಿ ಆ ಹೊತ್ತಿಗೆ ಸಮ್ಮೇಳನಕ್ಕೆಂದು ದಿಲ್ಲಿಗೆ ಹೊರಟು ವಿಮಾನ ನಿಲ್ದಾಣದಲ್ಲಿದ್ದರು. ಸುದ್ದಿ ಮುಟ್ಟಿದ ಹನ್ನೆರಡು ನಿಮಿಷಗಳಲ್ಲಿ ಅವರು ಕೂತಲ್ಲಿಂದಲೇ ವಿಚಾರಣಾ ಸಮಿತಿಯೊಂದನ್ನು ರಚಿಸಿದರು. ಸಮಿತಿಯ ಅಧ್ಯಕ್ಷೆ, ಸದಸ್ಯೆ ಮತ್ತು ಕಾರ್ಯದರ್ಶಿ ಮೂವರೂ ಸಂಶೋಧನಾ ಸಹಾಯಕಿ ವಿಜೇತಾ ಒಬ್ಬಳೇ. ಮೇಲ್‌ನಲ್ಲಿ ಮೂರು ಪರಿಚ್ಛೇದಗಳಿದ್ದವು. ಮೊದಲನೆಯದು ಶುಚಿತ್ವದ ಬಗ್ಗೆ, ಎರಡನೆಯದು ವಿಶ್ವಾಸದ ಬಗ್ಗೆ. ಮೂರನೆಯದರಲ್ಲಿ ಮಾತ್ರ ಕೆಲಸವಿತ್ತು: ಫ್ರಿಜ್ಜನ್ನೂ ಅದರ ಮೇಲಿನ ಫ್ರೀಜರನ್ನೂ ಖಾಲಿ ಮಾಡಿ, ಪ್ರತಿಯೊಂದು ಟ್ಯೂಬನ್ನು ರಿಜಿಸ್ಟರಿಗೆ ಹೊಂದಿಸಿ ನೋಡಿ, ಮತ್ತೆ ಇಡತಕ್ಕದ್ದು. ಗುರುವಾರ ಪುಣೆಯ ಕಂಪನಿಯವರು ಬರುತ್ತಾರೆ, ಅವರು ಬಾಗಿಲು ತೆಗೆದರೆ ಒಳಗೆ ಹಾರ್ಮೋನ್ ಕಾಣಬೇಕೇ ಹೊರತು ಕೋಸಂಬರಿ ಅಲ್ಲ.

ಪುಣೆಯವರು ಬರುವುದು ವಿಜೇತಾಳಿಗೆ ಎಷ್ಟು ಮುಖ್ಯವೆಂಬುದು ಸಯನ್‌ನ ಅವಳ ಮನೆಗೂ ಗೊತ್ತಿತ್ತು, ಗ್ರಾಂಟ್ ರೋಡಿನ ಹೋಟೆಲೊಂದಕ್ಕೂ ಗೊತ್ತಿತ್ತು. ಅವಳ ಅಪ್ಪ ಮೂವತ್ತು ವರ್ಷಗಳಿಂದ ಅಲ್ಲಿ ದೋಸೆಕಲ್ಲಿನ ಉಸ್ತುವಾರಿ. ಮಗಳು ಸೆಪ್ಟೆಂಬರಿನಿಂದ ಪರ್ಮನೆಂಟ್ ಎಂದು ಅವರು ಗಿರಾಕಿಗಳಿಗೂ ಹೇಳಿಬಿಟ್ಟಿದ್ದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ, ಸ್ವಲ್ಪ ಅವಸರವಿತ್ತು. ವಿಜೇತಾ ಎರಡು ವರ್ಷಗಳಿಂದ ಆರಾರು ತಿಂಗಳ ಗುತ್ತಿಗೆಯಲ್ಲಿದ್ದಳು. ಈ ಗುತ್ತಿಗೆ ಆಗಸ್ಟ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಅವಳನ್ನು ಕಾಯಂ ಮಾಡುವ ಪತ್ರ ಟೈಪಾಗಿ ಮೋಹಿನಿಯವರ ಬ್ಯಾಗಿನಲ್ಲಿತ್ತು. ಪುಣೆಯವರು ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅದಕ್ಕೂ ಸಹಿ ಬೀಳುವುದೆಂದು ಮಾತಾಗಿತ್ತು. ಪುಣೆಯವರ ಸಹಿ ನಿಂತಿದ್ದದ್ದು ಒಂದು ಮೊಲದ ಮೇಲೆ.

ಆ ಮೊಲದ ವಿಷಯ ಹೀಗೆ. ಪ್ರಯೋಗಶಾಲೆ ತಯಾರಿಸುವುದು ಬೇರೆ ಸಂಶೋಧನಾಲಯಗಳಿಗೆ ಬೇಕಾಗುವ ಪ್ರತಿಕಾಯಗಳನ್ನು. ರಕ್ತದಲ್ಲಿ ಒಂದು ನಿರ್ದಿಷ್ಟ ಹಾರ್ಮೋನು ಇದ್ದರೆ ಅದನ್ನೇ ಹುಡುಕಿ ಹಿಡಿಯುವಂಥವು. ಈ ಸಲದ್ದು ಆಕ್ಸಿಟೋಸಿನ್, ಎಮ್ಮೆಗೆ ಹಾಲಿಳಿಸುವ ಹಾರ್ಮೋನು. ಅದು ಎಷ್ಟು ಪುಟ್ಟದೆಂದರೆ, ಹಾಗೆಯೇ ಚುಚ್ಚಿದರೆ ಮೊಲದ ದೇಹ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದ ಅದನ್ನು ದೊಡ್ಡದೊಂದು ಪ್ರೋಟೀನಿನ ಹೆಗಲಿಗೆ ಕಟ್ಟಿ ಕಳಿಸಬೇಕು. ಈ ಊರಿನಲ್ಲಿ ಒಬ್ಬನೇ ಬಂದವನನ್ನು ಯಾರೂ ಕೇಳುವುದಿಲ್ಲ, ದೊಡ್ಡವರ ಜೊತೆ ಬಂದರೆ ವಾಚ್‌ಮನ್ ಕೂಡ ಎದ್ದು ಹೆಸರು ಕೇಳುತ್ತಾನಲ್ಲ, ಹಾಗೆ. ಹೆಗಲು ಕೊಡುವ ಪ್ರೋಟೀನಿಗೆ ವಾಹಕವೆಂದು ಹೆಸರು.

ತೊಡಕು ಎಲ್ಲಿ ಬರುತ್ತದೆಂದರೆ, ಮೊಲ ಚಿಕ್ಕದರ ಮೇಲೆ ತಿರುಗಿಬೀಳುವ ಬದಲು ವಾಹಕದ ಮೇಲೆಯೇ ತಿರುಗಿಬೀಳಬಹುದು. ಹಾಗಾಗಿ ಮೊಲದ ರಕ್ತವನ್ನು ಪರೀಕ್ಷಿಸುವಾಗ ಅದೇ ಹಾರ್ಮೋನನ್ನು ಬೇರೊಂದು ವಾಹಕಕ್ಕೆ, ಮೊಲ ಜನ್ಮದಲ್ಲಿ ಕಾಣದ ವಾಹಕಕ್ಕೆ, ಕಟ್ಟಿ ತೋರಿಸಬೇಕು. ಆಗಲೂ ಹಿಡಿದರೆ ಹಾರ್ಮೋನನ್ನೇ ಹಿಡಿಯಿತೆಂದು ಅರ್ಥ. ಮೊಲಕ್ಕೆ ಚುಚ್ಚುವುದು ನೀಲಿ ಮುಚ್ಚಳದ ಟ್ಯೂಬಿನದು, ಪರೀಕ್ಷೆಗೆ ಹಳದಿ ಮುಚ್ಚಳದ್ದು. ಹಳದಿಯ ವಾಹಕ ಕೋಳಿಮೊಟ್ಟೆಯ ಬಿಳಿಯಿಂದ ತೆಗೆದದ್ದು. ನೀಲಿಯ ಲೇಬಲ್ಲಿನ ಮೇಲೆ ಕೆ.ಎಲ್.ಎಚ್. ಎಂಬ ಮೂರು ಅಕ್ಷರಗಳಿದ್ದವು, ಅಷ್ಟೇ.

ಒಟ್ಟು ನಾಲ್ಕು ಮೊಲಗಳು. ಆಷಾಢದಲ್ಲಿ ನಾಲ್ಕೂ ಸುಮ್ಮನಿದ್ದವು. ಶ್ರಾವಣ ಬಂದದ್ದೇ ನಾಲ್ಕನೆಯದು ಎದ್ದು ನಿಂತಿತು. ದಿನಕ್ಕೊಂದು ಮೊಲದಂತೆ ಪರೀಕ್ಷೆ ನಡೆಯುತ್ತಿತ್ತು, ನಾಲ್ಕನೆಯದರ ಪಾಳಿ ಸೋಮವಾರ. ಮೂರು ಸೋಮವಾರ ಸತತವಾಗಿ ಅದರ ರಕ್ತ ಬಿಟ್ಟ ಪ್ಲೇಟು ದಟ್ಟ ಬಣ್ಣಕ್ಕೆ ತಿರುಗಿತು. ಪ್ರತಿಕಾಯ ಹಿಡಿದಷ್ಟೂ ಬಣ್ಣ ಏರುತ್ತದೆ. ಉಳಿದ ಮೂರರ ಬಣ್ಣ ಆಸ್ಪತ್ರೆಯ ಚಹಾದಂತಿತ್ತು. ಮೋಹಿನಿ ದಿಲ್ಲಿಗೆ ಹೊರಡುವ ಮೊದಲು ನಾಲ್ಕನೆಯ ಮೊಲದ ಗ್ರಾಫನ್ನು ಪುಣೆಗೆ ಕಳಿಸಿದರು. ಉಳಿದ ಮೂರರಿಂದ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ರಕ್ತ ತೆಗೆದು ಅವುಗಳ ಜೀವ ಮುಗಿಸಿ, ಪಂಜರ ಖಾಲಿ ಮಾಡಬೇಕೆಂದು, ಮೊಲಗಳಿದ್ದ ಠಾಣೆಯ ಪ್ರಾಣಿಗೃಹಕ್ಕೆ ಬರೆದರು.

ಬುಧವಾರ ಸಂಜೆ ನಾಲ್ಕಕ್ಕೆ, ಮೊಸರು ಸಮಿತಿಯ ಕೆಲಸ ಮುಗಿಯುವ ಹಂತದಲ್ಲಿ, ಫ್ರೀಜರಿನ ಕೊನೆಯ ಪೆಟ್ಟಿಗೆಯಲ್ಲಿ ವಿಜೇತಾಳಿಗೆ ಹಳದಿ ಟ್ಯೂಬುಗಳು ರಿಜಿಸ್ಟರಿಗಿಂತ ಮೂರು ಹೆಚ್ಚು ಸಿಕ್ಕವು. ಹೆಚ್ಚು ಸಿಕ್ಕರೆ ಯಾರೂ ಹೆದರುವುದಿಲ್ಲ. ಅವಳೂ ಹೆದರಲಿಲ್ಲ. ಆಮೇಲೆ ನೀಲಿಯವನ್ನು ಎಣಿಸಿದಳು. ಮೂರು ಕಡಿಮೆ.

ಅವಳು ಇನ್ನೊಮ್ಮೆ ಎಣಿಸಿದಳು. ಬೆರಳು ತಣ್ಣಗಾಗಿ ಜೋಮು ಹಿಡಿಯುವವರೆಗೆ ಎಣಿಸಿದಳು. ಒಂದು ಟ್ಯೂಬಿಗೆ ಒಂದು ಪ್ಲೇಟು. ಟ್ಯೂಬಿನದನ್ನು ಪ್ಲೇಟಿನ ತೊಂಬತ್ತಾರು ಗುಳಿಗಳಿಗೆ ಬಿಟ್ಟು ಅಂಟಿಸುವುದು ಟೆಕ್ನಿಷಿಯನ್ ಶೆಟ್ಟೆಪ್ಪನ ಕೆಲಸ. ಅಂಟಿದ ಮೇಲೆ ಪ್ಲೇಟು ನೀರಿನಷ್ಟು ತಿಳಿ, ಯಾವುದನ್ನು ಹಾಕಿದೆ ಎಂದು ನೋಡಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಪರೀಕ್ಷೆಯ ಉಳಿದ ಭಾಗ ಅವಳದ್ದು.

ವಿಜಯಪುರದ ಕಡೆಯ ಶೆಟ್ಟೆಪ್ಪನಿಗೆ ಐವತ್ತಾರು ವಯಸ್ಸು. ಡೊಂಬಿವಲಿಯಿಂದ ಬೆಳಗಿನ ಸ್ಲೋ ಲೋಕಲ್‌ನಲ್ಲಿ ಕಾಂಜುರ್‌ಮಾರ್ಗಕ್ಕೆ ಬಂದಿಳಿಯುವಾಗ ಹಣೆಯ ವಿಭೂತಿ ಅಲುಗಿರುತ್ತಿರಲಿಲ್ಲ. ಅವನ ಕೈಯೂ ಹಾಗೆಯೇ. ಅವನು ತುಂಬಿದ ತೊಂಬತ್ತಾರು ಗುಳಿಗಳಲ್ಲಿ ಒಂದು ಹನಿ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ವಿಜೇತಾ ಹೋದಾಗ ಅವನು ಗಾಜಿನ ಸಾಮಾನು ತೊಳೆಯುತ್ತಿದ್ದ.

"ಶೆಟ್ಟೆಪ್ಪ ಕಾಕಾ, ಒಂದು ವಿಷಯ ಕೇಳ್ತೇನೆ. ಸತ್ಯ ಹೇಳ್ಬೇಕು."

ಶೆಟ್ಟೆಪ್ಪ ಕೈಯಲ್ಲಿದ್ದ ಫ್ಲಾಸ್ಕನ್ನು ಕೆಳಗಿಟ್ಟ. "ಹೌದ್ರಿ ಬಾಯಾರ. ಮಸರು ನಂದ."

"ಮೊಸರು ಅಲ್ಲ..."

"ಸೋಮವಾರ ಉಪವಾಸ ಇತ್ರಿ. ನಮ್ಮ ಮನ್ಯಾಕಿ ಕಾಶವ್ವ ಕಟ್ಟಿ ಕೊಟ್ಟಿದ್ಲು. ಕ್ಯಾಂಟೀನ್ ಫ್ರಿಜ್ಜಿನಾಗ ಎಲ್ಲಾರದೂ ಮೀನಿನ ಡಬ್ಬಿ ಇರ್ತಾವ, ಅದರ ಬಾಜೂಕ ಹ್ಯಾಂಗ ಇಡೂದ್ರಿ? ಇಲ್ಲೆ ಎಲ್ಲಾ ಶುದ್ಧ ಮಾಡಿದ್ದ ಇರ್ತದ ಅಂತ ಇಟ್ಟೆ. ಬೇಕಾದ್ರ ಬರದು ಸಹಿ ಮಾಡಿ ಕೊಡ್ತೀನಿ."

"ಮೊಸರಿನ ಸುದ್ದಿ ಬಿಡಿ ಮಾರಾಯ್ರೆ! ಹಳದಿ ಟ್ಯೂಬು ಮೂರು ಜಾಸ್ತಿ ಉಂಟು. ನೀಲಿ ಮೂರು ಕಡಿಮೆ ಉಂಟು. ಎಂತದು ಇದು?"

ಶೆಟ್ಟೆಪ್ಪ ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡ. ಒಂದೊಂದೇ ಬೆರಳನ್ನು ಒರೆಸಿಕೊಂಡ.

"ಅವು ಸೋಮವಾರದವ್ರಿ," ಎಂದ.

"ಸೋಮವಾರದ್ದು ಅಂದ್ರೆ?"

"ಹಳದೀದು ತತ್ತಿ ಅಂತ ನೀವ ಹೇಳಿದ್ರಲ್ರಿ. ನಾ ಕೇಳಿದ್ನಿ, ಇದರಾಗ ಏನೈತಿ ಅಂತ. ತತ್ತಿ ಬಿಳೀದು ಅಂದ್ರಿ. ಇರ್ಲಿ, ಉಳಿದ ದಿನ ಕೈಗೆ ಗ್ಲೌಸ್ ಇರ್ತದ, ಹೊಟ್ಟೀಪಾಡು, ಮುಟ್ತೀನಿ. ಶ್ರಾವಣ ಸೋಮವಾರ ಉಪವಾಸ ಇದ್ದು, ತತ್ತಿ ಮುಟ್ಟಿ, ಸಂಜೀಕ ಲಿಂಗಪೂಜಿಗೆ ಹ್ಯಾಂಗ ಕೂಡೂದ್ರಿ? ಎರಡರಾಗೂ ಔಷಧ ಒಂದ ಅಲ್ರಿ? ಹಾರ್ಮೋನ್ ಅದ ಅಲ್ಲ? ಅದಕ ಸೋಮವಾರ ಅಷ್ಟ ನೀಲೀದು ಹಾಕಿದ್ನಿ."

ಮೂರು ಸೋಮವಾರಗಳ ದಟ್ಟ ಬಣ್ಣ ವಿಜೇತಾಳ ಕಣ್ಣೆದುರು ಬಂತು. ಮೊಲಕ್ಕೆ ಚುಚ್ಚಿದ ವಾಹಕವನ್ನೇ ಮತ್ತೆ ಮೊಲದ ರಕ್ತಕ್ಕೆ ತೋರಿಸಿದ್ದಾರೆ. ಅದು ಹಳೆಯ ಶತ್ರುವಿನ ಗುರುತು ಹಿಡಿದು ಮೇಲೆ ಬಿದ್ದಿದೆ. ಹಾರ್ಮೋನನ್ನು ಅದು ನೋಡಿದೆಯೋ ಇಲ್ಲವೋ ದೇವರೇ ಬಲ್ಲ. ಮೊನ್ನೆಯ ಸೋಮವಾರವೇ ಒಂದು ಸಂಶಯ ಬಂದಿತ್ತು. ರಕ್ತಕ್ಕೆ ಬಿಡಿ ಹಾರ್ಮೋನು ಬೆರೆಸಿದರೆ ಪ್ರತಿಕಾಯ ಅದನ್ನು ಹಿಡಿದುಕೊಂಡು ಸುಮ್ಮನಾಗಿ, ಪ್ಲೇಟಿನ ಬಣ್ಣ ಇಳಿಯಬೇಕು. ಇಳಿದಿರಲಿಲ್ಲ. ಮೋಹಿನಿ ಅದಕ್ಕೆ "ಟೂ ಸ್ಟ್ರಾಂಗ್, ವಿಜೇತಾ, ಬಹಳ ಸ್ಟ್ರಾಂಗ್ ಉಂಟು ಅದು" ಎಂದಿದ್ದರು. ಅವಳೂ ನಂಬಿದ್ದಳು. ನಂಬುವುದಕ್ಕೆ ಅವಳಿಗೆ ಆಗಸ್ಟ್ ಮೂವತ್ತೊಂದರ ಕಾರಣವಿತ್ತು.

ಸುಮ್ಮನಿದ್ದುಬಿಟ್ಟರೆ? ಆ ಯೋಚನೆ ಬಾರದಿರಲು ಅವಳೇನು ಸನ್ಯಾಸಿನಿಯಲ್ಲ. ಪುಣೆಯವರು ನಾಳೆ ಗ್ರಾಫ್ ನೋಡುತ್ತಾರೆ, ಸಹಿ ಹಾಕುತ್ತಾರೆ. ನಾಲ್ಕನೆಯ ಮೊಲದ ರಕ್ತ ಅವರ ಕೈಯಲ್ಲಿ ಸೋಲುವುದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅವಳು ಕಾಯಂ ಆಗಿರುತ್ತಾಳೆ. ಟ್ಯೂಬುಗಳು ತಪ್ಪಿದ್ದನ್ನು ನೋಡಿದವಳು ಅವಳೊಬ್ಬಳೇ, ಸಮಿತಿಯೂ ಅವಳೊಬ್ಬಳೇ.

ಒಂದು ವಿಷಯ ಮಾತ್ರ ಅವಳನ್ನು ಕುಳಿತುಕೊಳ್ಳಲು ಬಿಡಲಿಲ್ಲ. ಎರಡನೆಯ ಮೊಲ. ಅದರ ಪಾಳಿ ಬುಧವಾರ, ಅಂದರೆ ಪ್ಲೇಟು ಯಾವಾಗಲೂ ಹಳದಿಯದೇ. ಬಣ್ಣ ತೆಳುವಾದರೂ ವಾರದಿಂದ ವಾರಕ್ಕೆ ಏರಿತ್ತು. ನಾಲ್ಕನೆಯದರ ಅಬ್ಬರದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಹಾರ್ಮೋನನ್ನು ನಿಜವಾಗಿ ಹಿಡಿದಿರುವ ಮೊಲ ಯಾವುದಾದರೂ ಇದ್ದರೆ ಅದು ಎರಡನೆಯದೇ. ನಾಳೆ ಒಂದು ಗಂಟೆಗೆ ಅದನ್ನು ಮುಗಿಸುತ್ತಾರೆ.

ಅವಳು ಪ್ರಾಣಿಗೃಹದ ಕೊರಗನಿಗೆ ಫೋನ್ ಮಾಡಿದಳು. ಕಾರ್ಕಳದ ಕಡೆಯ ಕೊರಗ ಮೊಲಗಳ ಊಟ, ಪಂಜರ ನೋಡಿಕೊಳ್ಳುವವನು.

"ಕೊರಗಣ್ಣ, ನಾಳೆ ಮಧ್ಯಾಹ್ನದ್ದು ಸ್ವಲ್ಪ ನಿಲ್ಲಿಸ್ಲಿಕ್ಕೆ ಆಗ್ತದಾ?"

"ನಾನು ಎಂತ ನಿಲ್ಲಿಸುದು ವಿಜೇತಕ್ಕ? ಪ್ರಾಣಿ ಡಾಕ್ಟ್ರು ಒಂದು ಗಂಟೆಗೆ ಬರ್ತಾರೆ. ಮೋಹಿನಿ ಮೇಡಂದು ಮೇಲ್ ಬಂದ್ರೆ ನಿಲ್ಲಿಸ್ತಾರೆ. ಅವ್ರ ಮೇಲ್ ಇಲ್ಲದೆ ಇಲ್ಲಿ ಒಂದು ಕ್ಯಾರೆಟ್ ಸಹ ಆಚೀಚೆ ಆಗುದಿಲ್ಲ."

"ಎರಡನೆಯದು ಹೇಗುಂಟು?"

"ಅದಾ? ಬದ್ಮಾಶ್. ಮೊನ್ನೆ ನನ್ನ ಕೈ ಪರಚಿ ಹಾಕಿದೆ. ತಿನ್ಲಿಕ್ಕೆ ಮಾತ್ರ ಎಲ್ಲದಕ್ಕಿಂತ ಮುಂದೆ."

ಮುಂದಿನ ಫೋನು ದಿಲ್ಲಿಗೆ. ಮೋಹಿನಿಯವರ ಹಿಂದೆ ತಟ್ಟೆ ಚಮಚಗಳ ಸದ್ದಿತ್ತು. ವಿಜೇತಾ ನಡೆದದ್ದನ್ನೆಲ್ಲ ಹೇಳಿದಳು.

"ಪ್ರೂಫ್ ಉಂಟಾ?" ಎಂದರು ಅವರು.

"ನಾಳೆ ಬೆಳಿಗ್ಗೆ ನಾಲ್ಕೂ ಮೊಲದ್ದು ಹಳದಿ ಪ್ಲೇಟಲ್ಲಿ ಒಟ್ಟಿಗೆ ಮಾಡ್ತೇನೆ ಮೇಡಂ. ಹನ್ನೆರಡೂವರೆಗೆ ಗೊತ್ತಾಗ್ತದೆ. ಅಷ್ಟರವರೆಗೆ ಮೊಲಗಳನ್ನು ನಿಲ್ಲಿಸಿ ಅಂತ ಒಂದು ಮೇಲ್..."

"ಅರೇ, ಹೇಗೆ ಬರೀಲಿ? ಯಾಕೆ ಅಂತ ಕೇಳ್ತಾರಲ್ಲ. ಪಂಜರಕ್ಕೆ ಹೊಸ ಬ್ಯಾಚ್ ಬರ್ಲಿಕ್ಕುಂಟು. ನೀನು ಕೌಂಟ್ ಮಾಡಿದ್ದೇ ಮಿಸ್ಟೇಕ್ ಇರಬಹುದು. ಆ ಶೆಟ್ಟೆಪ್ಪ ಏನೋ ಬಡಬಡ ಮಾಡಿದ ಅಂತ ನಾನು ಪ್ರಾಜೆಕ್ಟ್ ನಿಲ್ಲಿಸ್ಲಾ? ನಾಳೆ ನಾನು ಬರ್ತೇನೆ. ಪುಣೆಯವರು ಎರಡಕ್ಕೆ ಬರುದು. ಅಷ್ಟರ ತನಕ ಬಾಯಿ ಬಿಡಬೇಡ." ಫೋನ್ ಇಡುವ ಮೊದಲು, "ನಿನ್ನ ಲೆಟರ್ ನನ್ನ ಬ್ಯಾಗಲ್ಲೇ ಉಂಟು, ಹಾಂ," ಎಂದರು. ಆ ಮಾತನ್ನು ಪ್ರೀತಿಯಿಂದ ಹೇಳಿದರೋ ಬೇರೆ ರೀತಿಯಿಂದ ಹೇಳಿದರೋ, ದಿಲ್ಲಿಯ ಸದ್ದಿನಲ್ಲಿ ಸ್ಪಷ್ಟವಾಗಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ವಿಜೇತಾ, ಶೆಟ್ಟೆಪ್ಪ ಇಬ್ಬರೂ ನಾಲ್ಕನೆಯ ಮಹಡಿಯಲ್ಲಿದ್ದರು. ಕಿಟಕಿಯಾಚೆ ಪವಾಯಿ ಕೆರೆ ಮಳೆಯಲ್ಲಿ ಕಾಣುತ್ತಿರಲಿಲ್ಲ. ವಿಜೇತಾ ಹಳದಿ ಟ್ಯೂಬು ಕರಗಿಸಿದಳು. ಹನಿ ಬಿಡುವ ಪಿಪೆಟ್ ಹಿಡಿದು ತುಂಬತೊಡಗಿದಳು. ಮೂರನೆಯ ಗುಳಿಗೆ ಬರುವಾಗ ಒಂದು ಹನಿ ಹೊರಗೆ ಬಿತ್ತು.

"ಕೊಡ್ರಿ ಇಲ್ಲೆ," ಎಂದ ಶೆಟ್ಟೆಪ್ಪ.

"ಇದು ಮೊಟ್ಟೆದು."

"ಗುರುವಾರ ಅಲ್ರಿ ಇವತ್ತ? ಕೊಡ್ರಿ."

ಅವನು ಹೊಸ ಪ್ಲೇಟು ತೆಗೆದು ತುಂಬಿದ. ಗುಳಿಯಿಂದ ಗುಳಿಗೆ ಹೋಗುವಾಗ ಅವನ ಕೈ ಹೊಲಿಗೆ ಯಂತ್ರದ ಸೂಜಿಯಂತೆ ಇಳಿದು ಏಳುತ್ತಿತ್ತು. ಇದೇ ಕೈ ಮೂರು ಸೋಮವಾರಗಳ ಸುಳ್ಳನ್ನೂ ಇಷ್ಟೇ ಅಚ್ಚುಕಟ್ಟಾಗಿ ತುಂಬಿತ್ತು. ಕೆಟ್ಟ ಕೈಯಾಗಿದ್ದರೆ ಗ್ರಾಫ್ ನೋಡಿದವರಿಗೆ ಎಂದೋ ಅನುಮಾನ ಬರುತ್ತಿತ್ತು.

ಅಂಟಲು ಎರಡು ಗಂಟೆ ಬೇಕು. ಇಬ್ಬರೂ ಎತ್ತರದ ಸ್ಟೂಲುಗಳ ಮೇಲೆ ಕುಳಿತರು. ವಿಜೇತಾ ಅಪ್ಪ ಕಟ್ಟಿಕೊಟ್ಟಿದ್ದ ಬನ್ಸ್ ಬಿಚ್ಚಿದಳು, ಮತ್ತೆ ಕಟ್ಟಿಟ್ಟಳು. ಶೆಟ್ಟೆಪ್ಪ ನೀಲಿ ಟ್ಯೂಬಿನ ಪೆಟ್ಟಿಗೆಯನ್ನೇ ನೋಡುತ್ತಿದ್ದ.

"ಬಾಯಾರ, ಅದರಾಗೇನೈತ್ರಿ ಹಂಗಾದ್ರ? ನೀಲೀದ್ರಾಗ?"

ಹೇಳಬಾರದೆಂದುಕೊಂಡಿದ್ದಳು. "ಕಡಲಿನ ಒಂದು ಹುಳ, ಕಾಕಾ. ಬಸವನಹುಳುವಿನ ಜಾತಿ. ಅದರದ್ದು ರಕ್ತ."

ಶೆಟ್ಟೆಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ರಕ್ತ."

"ಹ್ಞೂಂ."

"ಮೂರು ಸೋಮವಾರ."

"ನಾನು ಅವತ್ತೇ ಎರಡೂ ಹೇಳ್ಬೇಕಿತ್ತು. ಒಂದೇ ಹೇಳಿದೆ. ನೀಲಿದ್ದು ಕೇಳಿದ್ದಕ್ಕೆ, ಅದೊಂದು ಪ್ರೋಟೀನ್ ಅಂತ ಹೇಳಿ ಹೋದೆ. ತಪ್ಪು ನನ್ನದೂ ಉಂಟು."

"ತತ್ತಿ ಬ್ಯಾಡ ಅಂತ ರಕ್ತ ಹಿಡದ್ನಿ ಅಂದ್ರ..." ಅವನ ಮುಖ ಮೊದಲು ಬಿಗಿದು, ಆಮೇಲೆ ಎತ್ತಲಾಗದ ಭಾರ ಎತ್ತುವವನ ಹಾಗೆ ಒಂದು ನಗು ಮೂಡಿತು. "ಬಸವನಹುಳ ಅಂದ್ರಿ ಹೌದಲ್ರಿ? ಹೆಸರರ ನಮ್ಮ ಪೈಕೀದ ಐತಿ. ಕಾಶವ್ವಗ ಹೇಳಬ್ಯಾಡ್ರಿ ಮತ್ತ."

ಒಂಬತ್ತಕ್ಕೆ ತೊಳೆದರು. ಗುಳಿಯ ಖಾಲಿ ಜಾಗಕ್ಕೆ ಬೇರೇನೂ ಅಂಟದಂತೆ ಹಾಲಿನ ಪುಡಿ ಕರಗಿಸಿ ಹಾಕಿದರು. ಹತ್ತಕ್ಕೆ ನಾಲ್ಕೂ ಮೊಲಗಳ ರಕ್ತದ ತಿಳಿ, ಪ್ರತಿಯೊಂದಕ್ಕೆ ಎರಡು ಸಾಲು. ಒಂದು ಸಾಲು ಹಾಗೆಯೇ, ಇನ್ನೊಂದು ಬಿಡಿ ಹಾರ್ಮೋನು ಬೆರೆಸಿದ್ದು. ಹನ್ನೊಂದಕ್ಕೆ ಬಣ್ಣ ಬರಿಸುವ ಎರಡನೆಯ ಪ್ರತಿಕಾಯ. ಇನ್ನೊಂದು ಗಂಟೆ ಕಾಯಬೇಕು, ಆಮೇಲೆ ತೊಳೆಯುವುದು, ಆಮೇಲೆ ಬಣ್ಣ. ಯಾವುದನ್ನೂ ಅವಸರ ಮಾಡುವಂತಿರಲಿಲ್ಲ. ಅವಸರ ಮಾಡಿದ ಪ್ಲೇಟು ಕೇಳಿದವರಿಗೆ ಬೇಕಾದ ಉತ್ತರ ಕೊಡುತ್ತದೆ.

ಎರಡು ಗಂಟೆಗೆ ಬರಬೇಕಾಗಿದ್ದ ಪುಣೆಯ ಅತಿಥಿ ಹನ್ನೆರಡಕ್ಕೆ ಐದು ನಿಮಿಷವಿರುವಾಗಲೇ ಬಂದರು. ಮುಂಬಯಿಯ ಟ್ರಾಫಿಕ್ಕಿಗೆಂದು ಎರಡು ಗಂಟೆ ಹೆಚ್ಚಿಗೆ ಹಿಡಿದು ಹೊರಟಿದ್ದರು, ಆ ದಿನ ಟ್ರಾಫಿಕ್ಕೇ ಇರಲಿಲ್ಲ. ಹೆಸರು ಡಾ. ಗುರುಬಸವ. ಮೂಲ ಧಾರವಾಡ, ಮಾತು ಕಡಿಮೆ, ಕೊಡೆ ಬಹಳ ದೊಡ್ಡದು. ಅವರ ಹಿಂದೆಯೇ ವಿಮಾನ ನಿಲ್ದಾಣದಿಂದ ಮೋಹಿನಿಯೂ ಬಂದರು. ಅವರು ವಿಜೇತಾಳ ಕಡೆ ನೋಡದೆಯೇ, "ಮೀಟಿಂಗ್ ರೂಮಿಗೆ ಬಾ, ಗ್ರಾಫ್ ಎಕ್ಸ್‌ಪ್ಲೇನ್ ಮಾಡು," ಎಂದು ಮುಂದೆ ಹೋದರು.

"ಮೇಡಂ, ಪ್ಲೇಟ್ ಉಂಟು ಇನ್ನು. ಅರ್ಧ ಗಂಟೆ..."

"ಈಗ ಬಾ."

ವಿಜೇತಾ ಶೆಟ್ಟೆಪ್ಪನನ್ನು ನೋಡಿದಳು. ಅವನು ಗಡಿಯಾರ ತೋರಿಸಿ, ಹೋಗಿ ಎಂಬಂತೆ ಗಲ್ಲ ಎತ್ತಿದ.

ಮೀಟಿಂಗ್ ರೂಮಿನ ಒಂದು ಗೋಡೆ ಗಾಜಿನದು. ಅದರಾಚೆ ಶೆಟ್ಟೆಪ್ಪನ ಬೆನ್ನು ಕಾಣುತ್ತಿತ್ತು. ಪರದೆಯ ಮೇಲೆ ನಾಲ್ಕನೆಯ ಮೊಲದ ಗ್ರಾಫ್ ಏರಿ ನಿಂತಿತ್ತು. ಹನ್ನೆರಡು ಹತ್ತು. ಮೋಹಿನಿ ಮೊಲದ ಗುಣಗಾನ ಮಾಡಿದರು. ವಿಜೇತಾ ಅಂಕಿ ಓದಿದಳು. ಅವಳ ಸ್ವರ ಅವಳಿಗೇ ಪಕ್ಕದ ಕೋಣೆಯಿಂದ ಕೇಳಿದಂತಿತ್ತು.

ಗುರುಬಸವ ಕನ್ನಡಕ ತೆಗೆದು ಪರದೆಯ ಹತ್ತಿರ ಹೋದರು. "ಭಾಳ ಸ್ವಚ್ಛ ಅದಾವ ಅಂಕಿ. ಇಷ್ಟು ಸ್ವಚ್ಛ ನಾ ನೋಡಿಲ್ಲ. ಪ್ಲೇಟಿಗೆ ಯಾವುದು ಹಚ್ಚೀರಿ? ಚುಚ್ಚಿದ್ದ ಅಲ್ಲ ಮತ್ತ?"

ಅದು ವಾಡಿಕೆಯ ಪ್ರಶ್ನೆ. ಯಾರೇ ಬಂದರೂ ಕೇಳುತ್ತಾರೆ, ಅಲ್ಲ ಎಂದು ಉತ್ತರಿಸುತ್ತಾರೆ, ಮುಂದಿನ ಪುಟಕ್ಕೆ ಹೋಗುತ್ತಾರೆ. ಮೋಹಿನಿಯವರ ಬ್ಯಾಗು ಮೇಜಿನ ಮೇಲಿತ್ತು, ಜಿಪ್ಪು ಅರ್ಧ ತೆರೆದಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹದಿನಾಲ್ಕು.

"ಹಳದಿ ಅಂತ ಬರೆದಿದೆ ಸರ್," ಎಂದಳು ವಿಜೇತಾ. "ಆದ್ರೆ ಸೋಮವಾರ ಹಾಕಿದ್ದು ನೀಲಿ. ಚುಚ್ಚಿದ್ದೇ. ಈ ಮೂರೂ ಸೋಮವಾರದ್ದು."

"ವಿಜೇತಾ!" ಎಂದರು ಮೋಹಿನಿ. "ಕ್ಯಾ ಬೋಲ್ ರಹೀ ಹೋ?"

"ನಿನ್ನೆ ಸಂಜೆ ಗೊತ್ತಾದದ್ದು. ಇವತ್ತು ನಾಲ್ಕೂ ಮೊಲದ್ದು ಹಳದಿಯಲ್ಲಿ ಮಾಡ್ತಾ ಇದ್ದೇವೆ. ಬಣ್ಣ ಇನ್ನು ಹತ್ತು ನಿಮಿಷದಲ್ಲಿ."

ಗುರುಬಸವ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಸೋಮವಾರ ಅಷ್ಟ ಯಾಕ?"

"ಹಳದಿಯದು ಮೊಟ್ಟೆಯಿಂದ ಮಾಡಿದ್ದು, ಸರ್. ಶ್ರಾವಣ ಸೋಮವಾರ ನಮ್ಮ ಟೆಕ್ನಿಷಿಯನ್ ಮುಟ್ಟುದಿಲ್ಲ."

ಮೋಹಿನಿ ಕಣ್ಣು ಮುಚ್ಚಿಕೊಂಡರು. ಗುರುಬಸವ ಗಾಜಿನಾಚೆಯ ಬೆನ್ನನ್ನು ನೋಡಿದರು.

"ನಾನೂ ಶ್ರಾವಣ ಸೋಮವಾರ ಮಾಡ್ತೀನಿ," ಎಂದರು. "ಆದ್ರ ಅವತ್ತ ಪ್ಲೇಟ್ ಮಾಡೂದಿಲ್ಲ. ನಡೀರಿ, ನೋಡೂಣು."

ಶೆಟ್ಟೆಪ್ಪ ಅಷ್ಟರಲ್ಲಿ ತೊಳೆದು, ಬಣ್ಣದ ದ್ರಾವಣ ಹಾಕಿ, ಪ್ಲೇಟನ್ನು ಬಿಳಿ ಕಾಗದದ ಮೇಲಿಟ್ಟು, ಪಕ್ಕಕ್ಕೆ ಸರಿದು ನಿಂತಿದ್ದ. ನಾಲ್ವರೂ ಬಗ್ಗಿದರು. ಮೊದಲ ಎರಡು ನಿಮಿಷ ಎಲ್ಲ ಗುಳಿಗಳೂ ನೀರು. ಮೂರನೆಯ ನಿಮಿಷವೂ ನೀರು. ವಿಜೇತಾಳ ಕಣ್ಣು ನಾಲ್ಕನೆಯ ಮೊಲದ ಸಾಲಿನಲ್ಲಿತ್ತು. ಅಭ್ಯಾಸಬಲದಿಂದ ಅವಳಿನ್ನೂ ಅದು ಏಳಲೆಂದೇ ಹಾರೈಸುತ್ತಿದ್ದಳು.

ಅದು ಏಳಲಿಲ್ಲ. ಐದನೆಯ ನಿಮಿಷಕ್ಕೂ ಅಲ್ಲಿ ನೀರೇ ಇತ್ತು. ಮೊದಲನೆಯದರ ಸಾಲಿನಲ್ಲೂ ನೀರು, ಮೂರನೆಯದರಲ್ಲೂ ನೀರು.

"ಎರಡು ನೋಡ್ರಿ," ಎಂದ ಶೆಟ್ಟೆಪ್ಪ, ತೀರ ಮೆಲ್ಲಗೆ.

ಎರಡನೆಯ ಮೊಲದ ಸಾಲಿನಲ್ಲಿ ನೀಲಿ ಬಣ್ಣ ಹುಟ್ಟುತ್ತಿತ್ತು. ಸೋಮವಾರದ ಅಬ್ಬರದ ಬಣ್ಣವಲ್ಲ, ಒಗೆದ ಅಂಗಿಗೆ ಹಾಕುವಷ್ಟು ನೀಲಿ. ಹತ್ತನೆಯ ನಿಮಿಷಕ್ಕೆ ಅದು ನಿಚ್ಚಳವಾಯಿತು. ಅದರ ಪಕ್ಕದ ಸಾಲಿನಲ್ಲಿ, ಬಿಡಿ ಹಾರ್ಮೋನು ಬೆರೆಸಿದಲ್ಲಿ, ಬಣ್ಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಬಣ್ಣ ಇನ್ನು ಏರದಂತೆ ಆಸಿಡ್ ಹಾಕಿದಾಗ ನೀಲಿಯೆಲ್ಲ ಹಳದಿಯಾಗಿ ನಿಂತಿತು, ವ್ಯತ್ಯಾಸ ಹಾಗೆಯೇ ಉಳಿಯಿತು.

"ಇದು ಹಿಡದದ," ಎಂದರು ಗುರುಬಸವ. "ಕಮ್ಮಿ ಅದ. ಆದ್ರ ಹಿಡದದ್ದು ಹಾರ್ಮೋನನ್ನ. ಈ ಮೊಲ ಎಲ್ಲದ?"

ವಿಜೇತಾ ಅದಾಗಲೇ ಫೋನು ಕಿವಿಗಿಟ್ಟಿದ್ದಳು. ಹನ್ನೆರಡು ನಲವತ್ತೆರಡು. ಆರು ಸಲ ರಿಂಗಾಯಿತು.

"ಕೊರಗಣ್ಣ! ಎರಡನೆಯದು ಉಂಟಾ?"

"ಡಾಕ್ಟ್ರು ಬೇಗ ಬಂದ್ರು ಅಕ್ಕ. ಇವತ್ತು ರಸ್ತೆಯೆಲ್ಲ ಖಾಲಿ ಅಂತೆ. ಒಂದನೆಯದು ಆಯ್ತು."

"ಎರಡನೆಯದು?"

"ಊಟ ಮಾಡಿ ಮುಂದಿಂದು ಮಾಡಿ ಅಂತ ಹೇಳಿ ಕೂರಿಸಿದ್ದೇನೆ. ನೀವು ನಿನ್ನೆ ಕೇಳಿದ್ರಲ್ಲ, ನನಗೆ ಏನೋ ಅನಿಸ್ತು. ಮಜ್ಜಿಗೆಗೆ ಬಂದಿದ್ದಾರೆ ಈಗ. ಮೇಲ್ ಎಲ್ಲಿ? ಇನ್ನು ಎಷ್ಟು ಬಡಿಸ್ಲಿ ನಾನು?"

ಎಲ್ಲರೂ ಮೋಹಿನಿಯವರನ್ನು ನೋಡಿದರು. ಅವರು ಫೋನು ಹಿಡಿದುಕೊಂಡೇ ನಿಂತಿದ್ದರು. ಒಂದು ಸಾಲು ಬರೆದರೆ ಮೊಲ ಉಳಿಯುತ್ತದೆ, ಆದರೆ ಆ ಸಾಲು ನಾಲ್ಕನೆಯ ಮೊಲದ ಮೇಲೆ ಅವರು ದಿಲ್ಲಿಯಲ್ಲಿ ಆಡಿ ಬಂದ ಮಾತನ್ನೆಲ್ಲ ಅಳಿಸುತ್ತದೆ. ಬರೆಯುವುದೂ ಪುಣೆಯ ಕಂಪನಿಯವರ ಎದುರಿಗೇ. ಹೆಬ್ಬೆರಳು ಪರದೆಯ ಮೇಲೆ ಅಲುಗದೆ ನಿಂತಿತ್ತು. ಫೋನಿನೊಳಗೆ ಕೊರಗ ಯಾರಿಗೋ, "ಇನ್ನೊಂದು ಸೌಟು ಸಾರ್, ಸ್ವಲ್ಪವೇ," ಎನ್ನುತ್ತಿದ್ದ.

ಗುರುಬಸವ ಕೊಡೆ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. "ಕಳಸ್ರಿ ಮೇಡಂ. ನಾ ಕೆರಿ ನೋಡ್ತಿರ್ತೀನಿ."

ಕೆರೆ ಮಳೆಯಲ್ಲಿ ಕಾಣುತ್ತಲೇ ಇರಲಿಲ್ಲ. ಅವರು ಅದನ್ನೇ ಗಮನವಿಟ್ಟು ನೋಡಿದರು.

ಮೇಲ್ ಹನ್ನೆರಡು ನಲವತ್ತೊಂಬತ್ತಕ್ಕೆ ಹೋಯಿತು. ಪ್ರಾಣಿಗೃಹದ ಡಾಕ್ಟರು ಅದನ್ನು ಕೈ ತೊಳೆದುಕೊಳ್ಳುವ ಮೊದಲೇ ಓದಿದರು.

ಎರಡನೆಯ ಮತ್ತು ಮೂರನೆಯ ಮೊಲಗಳು ಉಳಿದವು. ನಾಲ್ಕನೆಯದರಿಂದ ತೆಗೆದಿಟ್ಟಿದ್ದ ರಕ್ತವನ್ನು ಚೆಲ್ಲಲಾಯಿತು. ಪುಣೆಯವರು ಅಂದು ಸಹಿ ಹಾಕಲಿಲ್ಲ, ಎರಡನೆಯ ಮೊಲದ ರಕ್ತವನ್ನು ಮೂರು ತಿಂಗಳ ಮೇಲೆ ಮತ್ತೆ ನೋಡುವುದಾಗಿ ಬರೆದುಕೊಟ್ಟು ಹೋದರು. ಶೆಟ್ಟೆಪ್ಪನಿಗೆ ಎಚ್ಚರಿಕೆಯ ಪತ್ರ ಬಂತು. ವಿಜೇತಾ ಕಾಯಂ ಆಗಲಿಲ್ಲ, ಅವಳ ಗುತ್ತಿಗೆಯನ್ನು ಆರು ತಿಂಗಳು ಮುಂದುವರಿಸಲಾಯಿತು.